ಹಾಡುಗಾರ ಸ್ಯಾಮ್ ಕುಕ್

ಒಂದು ಜನಾಂಗದ ಚರಿತ್ರೆಯನ್ನು ತಿಳಿಯಬೇಕಾದರೆ ಅದರ ಮುಖಂಡರ ಭಾಷಣಗಳನ್ನು ಓದಿದರೆ ಸಾಲದು. ಆ ಜನ ದುಡಿಮೆಯ ನಡುವೆ, ದೇವರ ಮುಂದೆ, ಸಂಜೆಯ ಬಿಡುವಿನಲ್ಲಿ ಏನು ಹಾಡಿಕೊಂಡರೆಂಬುದನ್ನೂ ಕೇಳಬೇಕು. ಅಮೆರಿಕದ ಕಪ್ಪು ಜನರ ವಿಷಯದಲ್ಲಂತೂ ಈ ಮಾತು ಪೂರ್ಣ ಸತ್ಯ. ಗುಲಾಮಗಿರಿಯ ಕಾಲದಲ್ಲಿ ಅವರಿಗೆ ಓದುಬರಹ ಕಲಿಸುವುದೇ ಅನೇಕ ಕಡೆ ಅಪರಾಧವಾಗಿತ್ತು. ಆದುದರಿಂದ ಹಾಡೇ ಅವರ ಗ್ರಂಥವಾಯಿತು. ಆ ಗ್ರಂಥಕ್ಕೆ ಮರೆಯಲಾಗದ ಒಂದು ಪುಟವನ್ನು ಸೇರಿಸಿದವನು ಸ್ಯಾಮ್ ಕುಕ್. ಅವನು ಬದುಕಿದ್ದು 33 ವರ್ಷ ಮಾತ್ರ.

ಕುಕ್ 1931ನೆಯ ಇಸವಿ ಜನವರಿ 22ರಂದು ಮಿಸಿಸಿಪಿ ಸಂಸ್ಥಾನದ ಕ್ಲಾರ್ಕ್ಸ್‌ಡೇಲ್ ಎಂಬ ಊರಿನಲ್ಲಿ ಜನಿಸಿದನು. ಅದು ಹತ್ತಿ ಬೆಳೆಯುವ ಸೀಮೆ. ಗುಲಾಮಗಿರಿಯು 1865ರಲ್ಲಿಯೇ ಕಾನೂನಿನಿಂದ ಅಳಿದಿದ್ದರೂ ಶಾಲೆ, ರೈಲುಗಾಡಿ, ಕುಡಿಯುವ ನೀರಿನ ನಲ್ಲಿ ಇವೆಲ್ಲವೂ ಅಲ್ಲಿ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆಯಾಗಿದ್ದವು. ತಂದೆ ಚಾರ್ಲ್ಸ್ ಕುಕ್ ಕ್ರೈಸ್ತ ಧರ್ಮಬೋಧಕ. ಸ್ಯಾಮ್ ಇನ್ನೂ ಎರಡು ವರ್ಷದ ಮಗುವಾಗಿದ್ದಾಗ, 1933ರಲ್ಲಿ, ಸಂಸಾರವು ಉತ್ತರದ ಚಿಕಾಗೋ ನಗರಕ್ಕೆ ವಲಸೆ ಹೋಯಿತು. 1910ರಿಂದ 1970ರವರೆಗೆ ಹೀಗೆ ದಕ್ಷಿಣವನ್ನು ಬಿಟ್ಟು ಹೊರಟ ಕಪ್ಪು ಜನರ ಸಂಖ್ಯೆ ಸುಮಾರು 60 ಲಕ್ಷ. ಅವರು ಗಂಟುಮೂಟೆಯೊಡನೆ ತಮ್ಮ ಹಾಡನ್ನೂ ಹೊತ್ತುಕೊಂಡು ಹೋದರು. ಹಳ್ಳಿಯ ದುಃಖದ ಹಾಡು ಪಟ್ಟಣದ ಕಾರ್ಖಾನೆಗಳ ನಡುವೆ ಹೊಸ ರೂಪ ತಾಳಿತು.

ಬಾಲಕ ಸ್ಯಾಮ್ ಒಡಹುಟ್ಟಿದವರೊಡನೆ ಚರ್ಚಿನಲ್ಲಿ ಹಾಡುತ್ತ ಬೆಳೆದನು. 1950ರ ಕೊನೆಯಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, 'ಸೋಲ್ ಸ್ಟಿರರ್ಸ್' ಎಂಬ ಪ್ರಖ್ಯಾತ ಭಕ್ತಿಗೀತ ಮೇಳದ ಮುಖ್ಯ ಗಾಯಕನ ಸ್ಥಾನ ಅವನಿಗೆ ದೊರೆಯಿತು. ಅವನಿಗಿಂತ ಮೊದಲು ಆ ಸ್ಥಾನದಲ್ಲಿದ್ದವನು ಆರ್. ಎಚ್. ಹ್ಯಾರಿಸ್ ಎಂಬ ದಿಗ್ಗಜ. ಸ್ಯಾಮ್ ಅವನನ್ನು ಅನುಕರಿಸಲು ಹೋಗದೆ, ಸ್ವರವನ್ನು ಮೃದುವಾಗಿ ತೇಲಿಸುವ ತನ್ನದೇ ಶೈಲಿಯನ್ನು ಕಂಡುಕೊಂಡನು. ಕೆಲವೇ ವರ್ಷಗಳಲ್ಲಿ ಅವನ ಹಾಡನ್ನು ಕೇಳಲು ಚರ್ಚುಗಳಲ್ಲಿ ತರುಣ ತರುಣಿಯರು ಕಿಕ್ಕಿರಿದು ನೆರೆಯತೊಡಗಿದರು.

ಆದರೆ ಭಕ್ತಿಗೀತದ ಲೋಕಕ್ಕೆ ಒಂದು ಗಡಿಯಿತ್ತು. ದೇವರಿಗೆ ಹಾಡಿದ ಕಂಠದಿಂದ ಪ್ರೇಮಗೀತೆ ಹಾಡುವುದು ಭಕ್ತರ ದೃಷ್ಟಿಯಲ್ಲಿ ದ್ರೋಹ. ಆದುದರಿಂದ ಕುಕ್ 1956ರಲ್ಲಿ ತನ್ನ ಮೊದಲ ಪ್ರೇಮಗೀತೆಯನ್ನು ಡೇಲ್ ಕುಕ್ ಎಂಬ ಹೆಸರಿನಲ್ಲಿ ಹಾಡಿದನು. ಹೆಸರು ಬದಲಾಯಿಸಬಹುದು, ಕಂಠವನ್ನು ಬದಲಾಯಿಸುವುದು ಹೇಗೆ? ಜನ ಕೂಡಲೇ ಗುರುತಿಸಿಬಿಟ್ಟರು. ಮರುವರ್ಷ ಅವನು ಮೇಳವನ್ನು ಬಿಟ್ಟು, ಸ್ವಂತ ಹೆಸರಿನಲ್ಲಿಯೇ 'ಯೂ ಸೆಂಡ್ ಮಿ' ಎಂಬ ಹಾಡನ್ನು ಹೊರತಂದನು. ಅದು ಕಪ್ಪು ಜನರ ಪಟ್ಟಿಯಲ್ಲಿಯೂ ಇಡೀ ದೇಶದ ಪಟ್ಟಿಯಲ್ಲಿಯೂ ಮೊದಲ ಸ್ಥಾನಕ್ಕೇರಿತು. ಹತ್ತು ಲಕ್ಷಕ್ಕೂ ಮೇಲ್ಪಟ್ಟು ಮಾರಾಟವಾಯಿತು. ಬಿಳಿಯರ ಮನೆಯ ಮಕ್ಕಳು ಅವನ ತಟ್ಟೆಗಳನ್ನು ಕೊಂಡು ಹಾಡಿಕೊಂಡರು. ಅದೇ ವರ್ಷ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಹೈಸ್ಕೂಲಿಗೆ ಕಾಲಿಡಲು ಸೈನ್ಯದ ಕಾವಲು ಬೇಕಾಯಿತೆಂಬುದನ್ನು ನೆನೆದರೆ, ಹಾಡು ಎಷ್ಟು ಮುಂದೆ ನಡೆದಿತ್ತು, ಸಮಾಜ ಎಷ್ಟು ಹಿಂದೆ ಉಳಿದಿತ್ತು ಎಂಬುದು ತಿಳಿಯುತ್ತದೆ.

ಕುಕ್ ವ್ಯವಹಾರದಲ್ಲಿಯೂ ಜಾಣ. ಕಪ್ಪು ಗಾಯಕರು ಹಾಡಿ ದಣಿಯುವುದು, ಲಾಭವನ್ನು ಕಂಪನಿಯವರು ಉಣ್ಣುವುದು ಆಗಿನ ರೂಢಿ. ಅವನು ಜೆ. ಡಬ್ಲ್ಯು. ಅಲೆಕ್ಸಾಂಡರನೊಡನೆ ಸೇರಿ ಹಾಡುಗಳ ಪ್ರಕಾಶನ ಸಂಸ್ಥೆಯನ್ನೂ, ಬಳಿಕ 'ಎಸ್‌ಎಆರ್' ಎಂಬ ಧ್ವನಿಮುದ್ರಣ ಸಂಸ್ಥೆಯನ್ನೂ ಕಟ್ಟಿ, ತನ್ನವರಾದ ಕಿರಿಯ ಗಾಯಕರಿಗೆ ದಾರಿ ಮಾಡಿದನು. 1960ರಲ್ಲಿ ಅವನು ಹಾಡಿದ 'ಚೈನ್ ಗ್ಯಾಂಗ್' ಸರಪಳಿ ತೊಟ್ಟು ರಸ್ತೆಯಲ್ಲಿ ದುಡಿಯುವ ಕೈದಿಗಳನ್ನು ಕುರಿತದ್ದು. 1961ರಲ್ಲಿ ಮೆಂಫಿಸ್ ನಗರದ ಸಭೆಯಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುತ್ತಾರೆಂದು ತಿಳಿದಾಗ ಅವನು ಹಾಡಲು ಒಪ್ಪಲಿಲ್ಲ.

ಇಷ್ಟಾದರೂ ಅವನ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇತ್ತು. ನೇರವಾಗಿ ಅನ್ಯಾಯವನ್ನು ಹಾಡಿದರೆ, ಕಷ್ಟಪಟ್ಟು ಗಳಿಸಿದ ಬಿಳಿಯ ಶ್ರೋತೃಗಳು ಕೈಬಿಟ್ಟಾರೇ? 1963ರಲ್ಲಿ ಬಾಬ್ ಡಿಲನ್ ಎಂಬ ಬಿಳಿಯ ತರುಣನು ಸ್ವಾತಂತ್ರ್ಯ ಸಮಾನತೆಗಳನ್ನು ಕುರಿತು ರಚಿಸಿದ ಹಾಡು ಮನೆಮಾತಾಯಿತು. ಅದನ್ನು ಕೇಳಿ ಮೆಚ್ಚಿದ ಕುಕ್, ಇಂತಹ ಹಾಡು ತನ್ನಿಂದ ಬರಲಿಲ್ಲವಲ್ಲಾ ಎಂದು ನಾಚಿಕೊಂಡನು. ಅದೇ ವರ್ಷದ ಜೂನ್ ತಿಂಗಳಲ್ಲಿ ಅವನ ಹಸುಗೂಸು ಮನೆಯ ಈಜುಕೊಳದಲ್ಲಿ ಮುಳುಗಿ ತೀರಿಕೊಂಡಿತು. ಮೊದಲಿನ ನಗೆ ಅವನ ಮುಖಕ್ಕೆ ಬಹುಕಾಲ ಮರಳಲಿಲ್ಲ.

ಅಕ್ಟೋಬರ್ 8ರಂದು ಲೂಯಿಸಿಯಾನಾದ ಶ್ರೀವ್‌ಪೋರ್ಟ್ ನಗರದಲ್ಲಿ ಅವನೂ ಅವನ ಸಂಗಡಿಗರೂ ಒಂದು ವಸತಿಗೃಹಕ್ಕೆ ಹೋದರು. ಕೋಣೆಗಳನ್ನು ಮುಂಚಿತವಾಗಿಯೇ ಗೊತ್ತುಪಡಿಸಲಾಗಿತ್ತು. ಆದರೆ ಮುಖ ಕಂಡೊಡನೆ ಕೋಣೆ ಖಾಲಿಯಿಲ್ಲವೆಂಬ ಉತ್ತರ ಬಂದಿತು. ಕುಕ್ ಕೆರಳಿ ಜಗಳವಾಡಿದನು; ಕೊಂದಾರೆಂದು ಹೆದರಿದ ಹೆಂಡತಿ ಅವನನ್ನು ಎಳೆದುಕೊಂಡು ಹೊರಟಳು. ಕೊನೆಗೆ ಸೆರೆಯಾದವನು ಬಾಗಿಲು ಮುಚ್ಚಿದವನಲ್ಲ, ಬಾಗಿಲು ತಟ್ಟಿದವನು! ಶಾಂತಿಭಂಗದ ಆರೋಪದ ಮೇಲೆ ಪೋಲೀಸರು ಅವನನ್ನೂ ಜೊತೆಗಾರರನ್ನೂ ಹಿಡಿದರು. ಹಣವಿತ್ತು, ಕೀರ್ತಿಯಿತ್ತು, ದೇಶವೆಲ್ಲ ಹಾಡುತ್ತಿದ್ದ ಹಾಡುಗಳಿದ್ದವು. ಇವಾವುವೂ ಆ ರಾತ್ರಿ ಒಂದು ಹಾಸಿಗೆಯನ್ನು ಕೊಡಿಸಲಿಲ್ಲ.

ಆ ವರ್ಷದ ಕೊನೆಯಲ್ಲಿ ಹುಟ್ಟಿದ್ದೇ 'ಎ ಚೇಂಜ್ ಈಸ್ ಗೋನಾ ಕಮ್' ಎಂಬ ಹಾಡು. 1964ರ ಜನವರಿ 30ರಂದು ಹಾಲಿವುಡ್ಡಿನಲ್ಲಿ ರೆನೆ ಹಾಲ್ ಹೊಂದಿಸಿದ ದೊಡ್ಡ ವಾದ್ಯವೃಂದದೊಡನೆ ಅದರ ಧ್ವನಿಮುದ್ರಣ ನಡೆಯಿತು. ಚರ್ಚಿನ ಆರ್ತತೆಯೂ ಬೀದಿಯ ಅವಮಾನವೂ ಅದರಲ್ಲಿ ಒಂದಾಗಿದ್ದವು. ಹಾಡಿನ ಗಾಂಭೀರ್ಯ ಕೇಳಿದವರನ್ನು ಬೆಚ್ಚಿಸಿತು. ಕಿರಿಯ ಸಂಗೀತಗಾರ ಬಾಬಿ ವೊಮ್ಯಾಕ್‌ಗೆ ಅದರಲ್ಲಿ ಸಾವಿನ ಸುಳಿವು ಕೇಳಿಸಿತಂತೆ. ಫೆಬ್ರವರಿ 7ರಂದು ಕುಕ್ ಅದನ್ನು ಟೆಲಿವಿಷನ್ನಿನಲ್ಲಿ ಹಾಡಿದನು. ಆ ಚಿತ್ರಣ ಉಳಿದುಬಂದಿಲ್ಲ. ಅದೇ ವರ್ಷ ಜುಲೈ 2ರಂದು, ಹೋಟೆಲುಗಳಲ್ಲಿ ವರ್ಣಭೇದವನ್ನು ನಿಷೇಧಿಸಿದ ಪೌರಹಕ್ಕುಗಳ ಶಾಸನಕ್ಕೆ ಅಧ್ಯಕ್ಷನ ಸಹಿ ಬಿದ್ದಿತು.

ಆದರೆ ವಿಧಿ ಕ್ರೂರವಾಗಿತ್ತು. 1964ರ ಡಿಸೆಂಬರ್ 11ರಂದು ಲಾಸ್ ಏಂಜಲಿಸ್ ನಗರದ ಒಂದು ಅಗ್ಗದ ವಸತಿಗೃಹದಲ್ಲಿ ನಡೆದ ಗಲಭೆಯಲ್ಲಿ ಕುಕ್ ಗುಂಡೇಟಿಗೆ ಬಲಿಯಾದನು. ಆತ್ಮರಕ್ಷಣೆಗಾಗಿ ನಡೆದ ಕೊಲೆಯೆಂದು ವಿಚಾರಣೆ ಮುಗಿಯಿತು. ಬಂಧುಮಿತ್ರರ ಸಂಶಯ ಮುಗಿಯಲಿಲ್ಲ. ಅವನ ಬಾಳು ನಿಷ್ಕಳಂಕವಾಗಿತ್ತೆಂದು ಹೇಳುವಂತಿಲ್ಲ. ಸಾವಿನ ಹನ್ನೊಂದು ದಿನಗಳ ಮೇಲೆ ಆ ಹಾಡು ಪ್ರತ್ಯೇಕ ತಟ್ಟೆಯಾಗಿ ಹೊರಬಂದಿತು. ವರ್ಣಭೇದವನ್ನು ನೇರವಾಗಿ ಹೇಳುವ ಒಂದು ಚರಣವನ್ನು ಅದರಿಂದ ಕತ್ತರಿಸಿದ್ದರು. ಆದರೂ ಹೋರಾಟದ ಜನ ಅದನ್ನು ತಮ್ಮದಾಗಿ ಸ್ವೀಕರಿಸಿದರು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಅದು ಸೇರಿತು. 2019ರಲ್ಲಿ ಶ್ರೀವ್‌ಪೋರ್ಟಿನ ಮೇಯರು ಕುಕ್‌ನ ಕುಟುಂಬದ ಕ್ಷಮೆ ಕೇಳಿದರು. ಒಂದು ಕ್ಷಮೆ ಬಾಯಿಗೆ ಬರಲು 56 ವರ್ಷ ಹಿಡಿಯಿತು!

ನನ್ನಂತೆ ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಈ ಜೀವನದಲ್ಲಿ ಒಂದು ಪಾಠವಿದೆಯೆಂದು ನನ್ನ ನಂಬಿಕೆ. ನಾವು ಮೇಲೇರಿದರೆ ಸಾಕು, ಬಾಗಿಲುಗಳು ತಾವಾಗಿಯೇ ತೆರೆಯುವುವೆಂದು ನಾವು ಎಣಿಸುತ್ತೇವೆ. ಕುಕ್ ಕೂಡ ಬಹುಕಾಲ ಹಾಗೆಯೇ ಎಣಿಸಿದ್ದನು. ತನ್ನೊಬ್ಬನಿಗೆ ತೆರೆದ ಬಾಗಿಲು ತನ್ನವರಿಗೆಲ್ಲ ತೆರೆದ ಬಾಗಿಲಲ್ಲವೆಂದು ಅವನು ಅರಿತ ದಿನ, ಅವನ ಹಾಡು ಅವನೊಬ್ಬನದಾಗಿ ಉಳಿಯಲಿಲ್ಲ.