ಹೆಸರಿಲ್ಲದ ವೃತ್ತಿ ಹಿಡಿದ ಡೈಕ್‌ಸ್ಟ್ರಾ

ನಾವು ಕಳಿಸುವ ಫೋಟೊ ಸಾವಿರಾರು ಪ್ಯಾಕೆಟ್‌ಗಳಾಗಿ ಒಡೆದು, ರೂಟರ್‌ನಿಂದ ರೂಟರ್‌ಗೆ ದಾಟುತ್ತಾ ಗೆಳೆಯರ ಮೊಬೈಲ್ ಸೇರುತ್ತದೆ. ನಡುವೆ ಯಾವ ಕಡೆ ತಿರುಗಬೇಕೆಂದು ಅವಕ್ಕೆ ಹೇಳುವವರು ಯಾರು? ಈ ಪ್ರಶ್ನೆಯ ಹಿಂದೆ ಹೋದರೆ ಸಿಗುವ ಹೆಸರು ಎಡ್ಸ್‌ಗರ್ ಡೈಕ್‌ಸ್ಟ್ರಾ. ಬಿಇ ಓದುವ ನಾವೆಲ್ಲ ಪರೀಕ್ಷೆಗಾಗಿ ಅವರ ಅಲ್ಗಾರಿದಮ್ ಕಲಿಯುತ್ತೇವೆ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಅವರ ಬದುಕು.

ಡೈಕ್‌ಸ್ಟ್ರಾ ಹುಟ್ಟಿದ್ದು 1930ರಲ್ಲಿ, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ಲೈಡನ್‌ನಲ್ಲಿ ಭೌತವಿಜ್ಞಾನ ಓದುತ್ತಿರುವಾಗಲೇ, 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿ ಸೇರಿದರು. ಕೆಲ ವರ್ಷ ಎರಡು ದೋಣಿಯಲ್ಲಿ ಕಾಲು. ಒಂದೆಡೆ ಎಲ್ಲರೂ ಗೌರವಿಸುವ ಭೌತವಿಜ್ಞಾನ, ಇನ್ನೊಂದೆಡೆ ಪದವಿಯೂ ಪಠ್ಯವೂ ಇಲ್ಲದ ಪ್ರೋಗ್ರಾಮಿಂಗ್. ಅಳುಕಿನಿಂದಲೇ ಮೇಲಧಿಕಾರಿ ವಾನ್ ವೈನ್‌ಗಾರ್ಡನ್ ಅವರ ಸಲಹೆ ಕೇಳಿದರು. ಕಂಪ್ಯೂಟರ್‌ಗಳು ಇನ್ನು ಉಳಿಯುವಂಥವು, ಆ ವಿದ್ಯೆಗೆ ಗೌರವ ತಂದುಕೊಡುವವರಲ್ಲಿ ನೀವೂ ಒಬ್ಬರಾಗಬಹುದಲ್ಲ ಎಂದು ಅವರು ಧೈರ್ಯ ತುಂಬಿದರು. ಡೈಕ್‌ಸ್ಟ್ರಾ ಭೌತವಿಜ್ಞಾನದ ಪದವಿಯನ್ನು ಅರ್ಧಕ್ಕೆ ಬಿಡದೆ ಮುಗಿಸಿ, ಪ್ರೋಗ್ರಾಮಿಂಗ್‌ಗೇ ನಿಂತರು. ಆದರೆ 1957ರಲ್ಲಿ ಮದುವೆ ನೋಂದಣಿ ಮಾಡಿಸಲು ಹೋದಾಗ, ಅಂಥ ವೃತ್ತಿಯೇ ಇಲ್ಲವೆಂದು ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಭೌತವಿಜ್ಞಾನಿ ಎಂದೇ ಬರೆಸಬೇಕಾಯಿತು!

ಅದಕ್ಕೂ ಮುಂಚೆ, 1956ರಲ್ಲಿ ಅವರ ಸಂಸ್ಥೆಯ ಹೊಸ ಕಂಪ್ಯೂಟರ್ ಅನ್ನು ಜನರಿಗೆ ತೋರಿಸಬೇಕಿತ್ತು. ಸಾಮಾನ್ಯರಿಗೂ ಅರ್ಥವಾಗುವ ಲೆಕ್ಕವೊಂದು ಬೇಕಾಗಿತ್ತು. ಒಂದೂರಿಂದ ಇನ್ನೊಂದೂರಿಗೆ ಹತ್ತಿರದ ದಾರಿ ಯಾವುದು? ಭಾವಿ ಪತ್ನಿಯೊಂದಿಗೆ ಕೆಫೆಯಲ್ಲಿ ಕಾಫಿ ಕುಡಿಯುತ್ತಾ, ಪೆನ್ನು ಕಾಗದ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಅವರು ಅದಕ್ಕೆ ಉಪಾಯ ಹುಡುಕಿದರು. ಹೊರಟ ಜಾಗಕ್ಕೆ ಅತಿ ಹತ್ತಿರದ ಊರನ್ನು ಮೊದಲು ಖಚಿತ ಮಾಡಿಕೊಳ್ಳುವುದು, ಅದರ ಮೂಲಕ ಉಳಿದ ಊರುಗಳು ಇನ್ನೂ ಹತ್ತಿರವಾಗುತ್ತವೆಯೇ ಎಂದು ನೋಡುವುದು, ಮತ್ತೆ ಮುಂದಿನ ಊರು. ಅಷ್ಟೇ. 1959ರಲ್ಲಿ ಅದು ಮೂರು ಪುಟಗಳ ಪ್ರಬಂಧದಲ್ಲಿ ಪ್ರಕಟವಾಯಿತು.

ಆಗ ಇಂಟರ್‌ನೆಟ್ ಇರಲೇ ಇಲ್ಲ. ಮುಂದೆ ಓಎಸ್‌ಪಿಎಫ್‌ನಂಥ ಪ್ರೋಟೊಕಾಲ್‌ಗಳು ಊರುಗಳ ಜಾಗದಲ್ಲಿ ರೂಟರ್‌ಗಳನ್ನಿಟ್ಟು ಇದೇ ಲೆಕ್ಕ ಬಳಸಿದವು. ಒಂದು ಸಂಸ್ಥೆಯ ಜಾಲದಲ್ಲಿರುವ ರೂಟರ್‌ಗಳು ತಮ್ಮ ಸಂಪರ್ಕಗಳ ವಿವರವನ್ನು ಹಂಚಿಕೊಂಡು, ಒಂದೇ ನಕ್ಷೆ ಕಟ್ಟಿಕೊಳ್ಳುತ್ತವೆ. ಪ್ರತಿಯೊಂದೂ ತನ್ನಿಂದ ಉಳಿದೆಲ್ಲ ಕಡೆಗೆ ಕಡಿಮೆ ವೆಚ್ಚದ ದಾರಿ ಲೆಕ್ಕ ಹಾಕುತ್ತದೆ. ಕೇಬಲ್ ತುಂಡಾದರೆ ನಕ್ಷೆ ಬದಲಾಗಿ, ಹೊಸ ದಾರಿ ತೆರೆಯುತ್ತದೆ.

1972ರಲ್ಲಿ ಡೈಕ್‌ಸ್ಟ್ರಾ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಫೌಂಟನ್ ಪೆನ್ನಲ್ಲೇ ಬರೆಯುತ್ತಿದ್ದ ಅವರ ಟಿಪ್ಪಣಿಗಳು 1,300ಕ್ಕೂ ಹೆಚ್ಚು.

ಯಾವ ಕೋರ್ಸ್ ಸೇರಿದರೂ ನಮಗೆ ಎದುರಾಗುವ ಮೊದಲ ಪ್ರಶ್ನೆ, ಅದಕ್ಕೆ ಸ್ಕೋಪ್ ಇದೆಯಾ ಎಂಬುದು. ಕೇಳುವವರ ಕಾಳಜಿ ಸುಳ್ಳಲ್ಲ. ಆದರೆ ಡೈಕ್‌ಸ್ಟ್ರಾ ಆರಿಸಿಕೊಂಡ ಕೆಲಸಕ್ಕೆ ಸ್ಕೋಪ್ ಹಾಗಿರಲಿ, ಅರ್ಜಿಯಲ್ಲಿ ಬರೆಯಲು ಹೆಸರೂ ಇರಲಿಲ್ಲ. ಇಂದು ನಮ್ಮಲ್ಲಿ ಲಕ್ಷಾಂತರ ಮಂದಿ ಹುಡುಕುತ್ತಿರುವುದು ಅದೇ ಕೆಲಸವನ್ನು.