ಲ್ಯಾಟಿನ್ ಮೇಷ್ಟ್ರು ವಿನ್ಸ್ ಲೊಂಬಾರ್ಡಿ

ವಿನ್ಸ್ ಲೊಂಬಾರ್ಡಿ ಎಂಬ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಅಮೆರಿಕದಲ್ಲಿ ಕೇಳದವರು ಕಡಿಮೆ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ; ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಸಾಲನ್ನು ಸೀಳಿ ಓಡುವ ಒರಟು ಆಟ. ಅದರ ಅತ್ಯುನ್ನತ ಪಾರಿತೋಷಕಕ್ಕೆ ಇವರದೇ ಹೆಸರಿದೆ. ಆದರೆ ಇವರು ತರಬೇತಿಯ ಕೆಲಸ ಕಲಿತದ್ದು ಒಂದು ಸಾಮಾನ್ಯ ಕಥೋಲಿಕ ಪ್ರೌಢಶಾಲೆಯಲ್ಲಿ.

ಲೊಂಬಾರ್ಡಿಯವರು 1913ರ ಜೂನ್ 11ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇಟಲಿ ಮೂಲದ ಕುಟುಂಬದಲ್ಲಿ ಹುಟ್ಟಿದರು. ತಂದೆ ಮಾಂಸದ ವ್ಯಾಪಾರಿ. ಐವರು ಮಕ್ಕಳಲ್ಲಿ ಇವರೇ ಹಿರಿಯರು. ಚಿಕ್ಕಂದಿನಲ್ಲಿ ಪೀಠಬಾಲಕ. ಗುರುವಾಗಬೇಕೆಂದು ಹದಿನೈದನೆಯ ವಯಸ್ಸಿನಲ್ಲಿ ಕಿರಿಯ ಗುರುಮಠ ಸೇರಿ, ನಾಲ್ಕು ವರ್ಷಗಳ ನಂತರ ಹೊರಬಂದರು. ಮುಂದೆ ಯೇಸುಸಭೆಯವರ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಆಟಗಾರರಾಗಿ ಹೆಸರು ಮಾಡಿ, 1937ರಲ್ಲಿ ಪದವಿ ಪಡೆದರು.

1939ರಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್‌ನ ಸಂತ ಸಿಸಿಲಿಯಾ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು. ವರ್ಷಕ್ಕೆ ಸಾವಿರ ಡಾಲರಿಗೂ ಕಡಿಮೆ ಸಂಬಳ. ಅದಕ್ಕೆ ಲ್ಯಾಟಿನ್, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರನ್ನೂ ಕಲಿಸಬೇಕು; ಸಂಜೆ ಫುಟ್‌ಬಾಲಿಗೆ ಸಹಾಯಕ ತರಬೇತುದಾರ. 1942ರಲ್ಲಿ ಮುಖ್ಯ ತರಬೇತುದಾರರಾದರು. ತರಗತಿಯ ಪಾಠಕ್ಕೂ ಮೈದಾನದ ಪಾಠಕ್ಕೂ ಅವರಲ್ಲಿ ಭೇದವಿರಲಿಲ್ಲ. ನಿಧಾನವಾಗಿ ಕಲಿಯುವ ಹುಡುಗನಿಗೆ ಅರ್ಥವಾಗುವ ತನಕ ಅದನ್ನೇ ಮತ್ತೆ ಹೇಳುವುದು, ಅದನ್ನೇ ಮತ್ತೆ ಮಾಡಿಸುವುದು. ಹತ್ತು ಬಗೆಯ ಚಮತ್ಕಾರಕ್ಕಿಂತ ತಪ್ಪಿಲ್ಲದೆ ಬರುವ ಒಂದೇ ನಡೆ ಅವರಿಗೆ ಇಷ್ಟ. 1943ರಲ್ಲಿ ಶಾಲೆಯ ತಂಡ ಒಂದೂ ಪಂದ್ಯ ಸೋಲಲಿಲ್ಲ. ಬಲಿಷ್ಠವೆನಿಸಿದ್ದ ಬ್ರೂಕ್ಲಿನ್ ಪ್ರೆಪ್ ಶಾಲೆಯೂ ಮಣಿಯಿತು.

1947ರಲ್ಲಿ ಶಾಲೆ ಬಿಟ್ಟು ಫೋರ್ಡಂಗೆ ಮರಳಿದರು. ಅಲ್ಲಿಂದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿ, ನಂತರ ನ್ಯೂಯಾರ್ಕ್ ಜೈಂಟ್ಸ್. ಎಲ್ಲೆಡೆ ಇನ್ನೊಬ್ಬರ ಕೈಕೆಳಗೆ. ವೃತ್ತಿಪರ ತಂಡವೊಂದರ ಪೂರ್ಣ ಹೊಣೆ ಕೈಗೆ ಬಂದಾಗ 45 ವರ್ಷವಾಗಿತ್ತು. ಅದೂ ಎಂಥ ತಂಡ! ಗ್ರೀನ್ ಬೇ ಪ್ಯಾಕರ್ಸ್ 1958ರಲ್ಲಿ 12 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಹಳೆಯ ಮೇಷ್ಟ್ರು ಮತ್ತೆ ಮೊದಲ ಪಾಠದಿಂದ ಶುರುಮಾಡಿದರು. 1961ರಿಂದ 1967ರೊಳಗೆ ಆ ತಂಡ ಐದು ಬಾರಿ ರಾಷ್ಟ್ರೀಯ ಲೀಗಿನ ಚಾಂಪಿಯನ್ ಆಯಿತು. ಕರಿಯ ಆಟಗಾರರಿಗೆ ಬಾಗಿಲು ಮುಚ್ಚಿದ ಹೋಟೆಲಿನಲ್ಲಿ ತಮ್ಮ ತಂಡ ತಂಗುವುದಿಲ್ಲ ಎಂದು ಅವರು ಪಟ್ಟು ಹಿಡಿದದ್ದು, ನನ್ನ ಲೆಕ್ಕದಲ್ಲಿ, ಆ ಐದು ಗೆಲುವುಗಳಿಗಿಂತ ದೊಡ್ಡದು.

ಆದರೆ ಇವರನ್ನು ಸಂತರ ಸಾಲಿನಲ್ಲಿ ಕೂರಿಸುವುದು ಬೇಡ. ದಿನವೂ ಬೆಳಿಗ್ಗೆ ಬಲಿಪೂಜೆಯಲ್ಲಿ ಭಾಗವಹಿಸುತ್ತಿದ್ದ ಮನುಷ್ಯ ಮಧ್ಯಾಹ್ನ ಮೈದಾನದಲ್ಲಿ ಸಿಟ್ಟಿನಿಂದ ಕೂಗಾಡುತ್ತಿದ್ದರು. ಆ ಸಿಟ್ಟು ತಮ್ಮ ದೌರ್ಬಲ್ಯವೆಂಬುದು ಅವರಿಗೂ ಗೊತ್ತಿತ್ತು. ಮನೆಗೆ ಉಳಿಯುತ್ತಿದ್ದ ಹೊತ್ತು ಸ್ವಲ್ಪ. 1940ರಲ್ಲಿ ಕೈಹಿಡಿದ ಪತ್ನಿ ಮರೀ ಪ್ರತಿ ವರ್ಗಾವಣೆಗೂ ಮನೆ ಕಟ್ಟಿಕೊಂಡು ಹೊರಟವರು. ಗ್ರೀನ್ ಬೇಯ ಚಳಿ, ಒಂಟಿತನಗಳನ್ನು ಹೊತ್ತವರೂ ಅವರೇ. ಊರ ಹುಡುಗರಿಗೆಲ್ಲ ತಂದೆಯಂತಿದ್ದವರ ಸ್ವಂತ ಮಗ ಮತ್ತು ಮಗಳಿಗೆ ಸಿಕ್ಕ ತಂದೆ ಅರ್ಧ ಮಾತ್ರ. ಆ ಅರ್ಧದ ಲೆಕ್ಕ ಯಾವ ಪಾರಿತೋಷಕದ ಮೇಲೂ ಕೆತ್ತಿಲ್ಲ.

1969ರಲ್ಲಿ ವಾಷಿಂಗ್‌ಟನ್ ತಂಡಕ್ಕೆ ಹೋದರು. ಮರುವರ್ಷವೇ ಕರುಳಿನ ಕ್ಯಾನ್ಸರ್ ಕಾಣಿಸಿಕೊಂಡಿತು. 1970ರ ಸೆಪ್ಟೆಂಬರ್ 3ರಂದು, 57ನೆಯ ವಯಸ್ಸಿನಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಮಹಾದೇವಾಲಯದಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಕಾರ್ಡಿನಲ್ ಟೆರೆನ್ಸ್ ಕುಕ್ ಪ್ರಬೋಧನೆ ನೀಡಿದರು. ದೇಹವನ್ನು ಭೂಸ್ಥಾಪನೆ ಮಾಡಿದ್ದು ನ್ಯೂಜೆರ್ಸಿಯಲ್ಲಿ, ಅವರು ಎಂಟು ವರ್ಷ ಪಾಠ ಹೇಳಿದ ಸೀಮೆಯಲ್ಲೇ. ಸಂತ ಸಿಸಿಲಿಯಾ ಪ್ರೌಢಶಾಲೆ 1986ರಲ್ಲಿ ಮುಚ್ಚಿತು.