ನ್ಯೂವಾರ್ಕಿನ ಹುಡುಗಿ ಕ್ವೀನ್ ಲತೀಫಾ

ಮಕ್ಕಳೇ, 'ಐಸ್ ಏಜ್' ಸಿನಿಮಾಗಳಲ್ಲಿ ಬರುವ ಎಲ್ಲೀ ಎಂಬ ಮ್ಯಾಮತ್ ನಿಮಗೆಲ್ಲ ಗೊತ್ತು. ತಾನೂ ಒಂದು ಪೋಸಮ್ ಅಂದುಕೊಂಡು ಬಾಲದಿಂದ ಮರಕ್ಕೆ ಜೋತುಬೀಳುತ್ತಾಳಲ್ಲ, ಅವಳೇ. 2006ರಲ್ಲಿ ಬಂದ ಎರಡನೆಯ ಸಿನಿಮಾದಲ್ಲಿ ಅವಳಿಗೆ ಮೊದಲು ದನಿ ಕೊಟ್ಟವರು ಕ್ವೀನ್ ಲತೀಫಾ. ನಿಮ್ಮ ಅಪ್ಪ ಅಮ್ಮ ಇವರನ್ನು 'ದಿ ಈಕ್ವಲೈಸರ್' ಧಾರಾವಾಹಿಯಲ್ಲಿ ಕಳ್ಳಕಾಕರನ್ನು ಸದೆಬಡಿಯುವ ರಾಬಿನ್ ಮೆಕಾಲ್ ಆಗಿ ನೋಡಿರಬಹುದು. ಆದರೆ ಜನ ಈ ದನಿಯನ್ನು ಮೊದಲು ಕೇಳಿದ್ದು ರ್ಯಾಪ್ ಹಾಡಿನಲ್ಲಿ. ಆ ದನಿ ಹುಟ್ಟಿ ಬೆಳೆದದ್ದು ನಮ್ಮದೇ ನ್ಯೂಜೆರ್ಸಿಯಲ್ಲಿ, ಊರಿನಿಂದ ಬರುವ ಅಜ್ಜಿ ತಾತಂದಿರನ್ನು ಕರೆತರಲು ನಾವು ಹೋಗುತ್ತೇವಲ್ಲ, ಆ ನ್ಯೂವಾರ್ಕಿನಲ್ಲಿ. ಏರ್‌ಪೋರ್ಟ್ ಬಿಟ್ಟರೆ ಆ ಊರಿನ ಒಳಗೆ ನಾವು ಕಾಲಿಡುವುದು ಕಡಿಮೆ. ಹೈವೇಯ ಮೇಲಿಂದಲೇ ನೋಡಿಕೊಂಡು ದಾಟಿಬಿಡುತ್ತೇವೆ. ಈ ಸಂಚಿಕೆಗೆ ನಾನು ಇವರನ್ನೇ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಇವರು ಹುಟ್ಟಿದ್ದು 1970ರ ಮಾರ್ಚ್ 18ರಂದು. ತಂದೆ ತಾಯಿ ಇಟ್ಟ ಹೆಸರು ಡೇನಾ ಓವೆನ್ಸ್. ಅದಕ್ಕೆ ಮೂರು ವರ್ಷ ಮೊದಲು, 1967ರ ಜುಲೈನಲ್ಲಿ, ನ್ಯೂವಾರ್ಕ್ ಐದು ದಿನ ಹೊತ್ತಿ ಉರಿದಿತ್ತು. ಕಪ್ಪು ಜನಾಂಗದ ಟ್ಯಾಕ್ಸಿ ಚಾಲಕನೊಬ್ಬನನ್ನು ಪೊಲೀಸರು ಹೊಡೆದದ್ದರಿಂದ ಶುರುವಾದ ಆ ಗಲಭೆಯಲ್ಲಿ 26 ಜನ ಸತ್ತರು. ಅಂಗಡಿಗಳು ಮುಚ್ಚಿದವು, ಅನುಕೂಲಸ್ಥರು ಊರು ಬಿಟ್ಟರು. ಉಳಿದವರ ನಡುವೆ ಬೆಳೆದ ಹುಡುಗಿ ಡೇನಾ. ತಂದೆ ಪೊಲೀಸ್ ಅಧಿಕಾರಿ, ತಾಯಿ ರೀಟಾ ಓವೆನ್ಸ್ ಪಕ್ಕದ ಅರ್ವಿಂಗ್ಟನ್ ಹೈಸ್ಕೂಲಿನಲ್ಲಿ ಚಿತ್ರಕಲೆಯ ಟೀಚರ್. ತಂದೆ ತಾಯಿ ಬೇರೆಯಾದ ಮೇಲೆ ರೀಟಾ ಅವರೇ ದುಡಿದು ಮಗನನ್ನೂ ಮಗಳನ್ನೂ ಸಾಕಿದರು. ಡೇನಾ ಎಂಟು ವರ್ಷದವಳಿದ್ದಾಗ ಅರಬ್ಬೀ ಹೆಸರುಗಳ ಒಂದು ಪುಸ್ತಕ ಸಿಕ್ಕಿತು. ಅದರಲ್ಲಿ ಹುಡುಕಿ ಲತೀಫಾ ಎಂಬ ಹೆಸರನ್ನು ತಾನೇ ಇಟ್ಟುಕೊಂಡಳು. ಮುಂದಿನ 'ಕ್ವೀನ್' ಸೇರಿಕೊಂಡದ್ದು ಹಾಡಲು ಶುರುಮಾಡಿದ ಮೇಲೆ. ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದಳು, ಬರ್ಗರ್ ಕಿಂಗ್‌ನಲ್ಲಿ ಕೆಲಸ ಮಾಡಿದಳು, ಗೆಳತಿಯರ ಜೊತೆ ಗುಂಪು ಕಟ್ಟಿಕೊಂಡು ರ್ಯಾಪ್ ಹಾಡಿದಳು.

ಈಗ ರ್ಯಾಪ್ ಬಗ್ಗೆ ಸ್ವಲ್ಪ ಹೇಳಬೇಕು. ಏಕೆಂದರೆ ನಿಮ್ಮ ಅಜ್ಜಿ ತಾತ ಅಷ್ಟೇ ಏಕೆ, ಎಷ್ಟೋ ಅಪ್ಪ ಅಮ್ಮಂದಿರೂ ಅದನ್ನು ಬೈಗುಳ ತುಂಬಿದ ಗಲಾಟೆ ಅಂದುಕೊಂಡಿದ್ದಾರೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ತಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಒಂದು ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಿತ್ತು, ಅಷ್ಟೇ. ರೆಕಾರ್ಡು ಹಾಕಿದವನು ಅವಳ ಅಣ್ಣ ಕೂಲ್ ಹರ್ಕ್, ಜಮೈಕಾದಿಂದ ವಲಸೆ ಬಂದ ಹದಿನೆಂಟರ ಹುಡುಗ. ಹಾಡಿನ ನಡುವೆ ಬರೀ ತಾಳವಾದ್ಯ ನುಡಿಯುವ ಭಾಗ ಬಂದಾಗ ಜನ ಹುಚ್ಚೆದ್ದು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ಪ್ರತಿ ಇಟ್ಟುಕೊಂಡು, ಇದು ಮುಗಿಯುತ್ತಿದ್ದ ಹಾಗೆ ಅದನ್ನು ತಿರುಗಿಸಿ, ಆ ಚಿಕ್ಕ ಭಾಗವನ್ನು ಬೇಕಾದಷ್ಟು ಹೊತ್ತು ನಡೆಸುವುದನ್ನು ರೂಢಿಸಿಕೊಂಡ. ಅವನ ಗೆಳೆಯ ಕೋಕ್ ಲಾ ರಾಕ್ ಮೈಕು ಹಿಡಿದು, ಬಂದ ಸ್ನೇಹಿತರ ಹೆಸರು ಕೂಗಿ ಕರೆದು ಹುರಿದುಂಬಿಸಿದ. ಆ ಕೂಗೇ ಬರಬರುತ್ತಾ ಪ್ರಾಸ ಕಟ್ಟಿಕೊಂಡು, ಕಥೆ ಹೇಳಿಕೊಂಡು, ವಾದ ಹೂಡಿಕೊಂಡು ರ್ಯಾಪ್ ಆಯಿತು. ಮೈಕು ಹಿಡಿದವನು ಮೊದಲು ಮಾಡುತ್ತಿದ್ದದ್ದು ಬಂದವರನ್ನು ಬರಮಾಡಿಕೊಳ್ಳುವ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥದೊಂದು ನಮ್ಮಲ್ಲೂ ಇದೆ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ ಇರುತ್ತವೆ. ಒಂದು ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ. ಡಪ್ಪಿನ ಪೆಟ್ಟಿಗೆ, ತುಂತುಣಿಯ ನಾದಕ್ಕೆ ಸವಾಲು ಜವಾಬು ರಾತ್ರಿಯಿಡೀ ನಡೆಯುತ್ತದೆ. ಬ್ರಾಂಕ್ಸ್‌ಗೂ ಬಿಜಾಪುರಕ್ಕೂ ನಂಟಿಲ್ಲ ನಿಜ. ಆದರೆ ತಾಳ ತಪ್ಪದೆ ವಾದ ಮಾಡುವುದು ಎಷ್ಟು ಕಷ್ಟ, ಅದಕ್ಕೆ ಎಷ್ಟು ತಯಾರಿ ಬೇಕು ಎನ್ನುವುದು ಆ ಮೇಳ ಕೇಳಿದವರಿಗೆ ಗೊತ್ತು.

ಈಗ ಮತ್ತೆ ಲತೀಫಾ ಕಥೆಗೆ ಬರೋಣ. ಅರ್ವಿಂಗ್ಟನ್ ಶಾಲೆಯ ಪಾರ್ಟಿಯೊಂದಕ್ಕೆ ಮಾರ್ಕ್ ದ 45 ಕಿಂಗ್ ಎಂಬ ಡಿಜೆಯನ್ನು ಕರೆಸಿದವರು ಇದೇ ರೀಟಾ ಟೀಚರ್. ಅವನ ಮನೆಯ ನೆಲಮಾಳಿಗೆ ಊರಿನ ಹುಡುಗರಿಗೆಲ್ಲ ರ್ಯಾಪ್ ಕಲಿಯುವ ಜಾಗವಾಯಿತು. ಅಲ್ಲಿ ಹೆಚ್ಚಿನವರು ಹುಡುಗರೇ. ಅವರ ನಡುವೆ ನಿಂತು ಲತೀಫಾ ಹಾಡಿದ ಒಂದು ಟೇಪು ಫ್ಯಾಬ್ ಫೈವ್ ಫ್ರೆಡ್ಡಿಯ ಕೈಗೆ ಹೋಯಿತು. ಎಂಟಿವಿಯಲ್ಲಿ 1988ರಲ್ಲಿ ಶುರುವಾದ 'ಯೋ! ಎಂಟಿವಿ ರ್ಯಾಪ್ಸ್' ಕಾರ್ಯಕ್ರಮದ ನಿರೂಪಕ ಅವರು. ಆ ಟೇಪಿನಿಂದ ಟಾಮಿ ಬಾಯ್ ಎಂಬ ರೆಕಾರ್ಡ್ ಕಂಪನಿಯ ಕರೆ ಬಂತು. 1989ರಲ್ಲಿ 'ಆಲ್ ಹೇಲ್ ದ ಕ್ವೀನ್' ಆಲ್ಬಮ್ ಹೊರಬಿದ್ದಾಗ ಅವಳಿಗೆ ಹತ್ತೊಂಬತ್ತು ವರ್ಷ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೇಶ ಮರೆಯಬಾರದ ಧ್ವನಿಮುದ್ರಣಗಳ ಪಟ್ಟಿಯೊಂದನ್ನು ಕಾಪಾಡಿಕೊಂಡು ಬಂದಿದೆ. 2023ರಲ್ಲಿ ಈ ಆಲ್ಬಮ್ ಅದಕ್ಕೆ ಸೇರಿತು.

ಆ ಆಲ್ಬಮ್ಮಿನ 'ಲೇಡೀಸ್ ಫಸ್ಟ್' ಹಾಡಿನ ವಿಡಿಯೋವನ್ನು ನೀವು ಕೂತು ನೋಡಬೇಕು, ನಾಲ್ಕು ನಿಮಿಷದ ಕೆಲಸ. ನಿರ್ದೇಶಿಸಿದವರು ಅದೇ ಫ್ರೆಡ್ಡಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಮತ್ತೆ ಮತ್ತೆ ಹಿಂದಕ್ಕೆ ಹೋಗಿ ತನ್ನವರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಅವರ ಚಿತ್ರ ಅದರಲ್ಲಿ ಬರುತ್ತದೆ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಸೊಜರ್ನರ್ ಟ್ರುತ್, ಏಂಜೆಲಾ ಡೇವಿಸ್ ಬರುತ್ತಾರೆ. ಆಮೇಲೆ ಲತೀಫಾ ಸೇನಾಪತಿಯ ಹಾಗೆ ಒಂದು ದೊಡ್ಡ ನಕ್ಷೆಯ ಮುಂದೆ ನಿಲ್ಲುತ್ತಾರೆ. ನಕ್ಷೆ ದಕ್ಷಿಣ ಆಫ್ರಿಕಾದ್ದು. ಅದರ ಮೇಲೆ ಚದುರಂಗದ ಕಾಯಿಗಳಂತೆ ಬಿಳಿಯ ಆಳುವವರ ಗೊಂಬೆಗಳು. ಅವನ್ನು ಒಂದೊಂದಾಗಿ ಸರಿಸಿ ಆ ಜಾಗದಲ್ಲಿ ಬಿಗಿಹಿಡಿದ ಕಪ್ಪು ಮುಷ್ಟಿಗಳನ್ನು ಇಡುತ್ತಾರೆ. ಆ ಬಿಳಿಯರ ಆಳ್ವಿಕೆಯ ವಿರುದ್ಧ ಹೋರಾಡಿದ ನೆಲ್ಸನ್ ಮಂಡೇಲಾ ಆಗ ಇನ್ನೂ ಜೈಲಿನಲ್ಲಿದ್ದರು, ಬಿಡುಗಡೆಯಾದದ್ದು 1990ರ ಫೆಬ್ರುವರಿಯಲ್ಲಿ. ಹತ್ತೊಂಬತ್ತರ ಹುಡುಗಿ ತನ್ನ ಮೊದಲ ಆಲ್ಬಮ್ಮಿನಲ್ಲೇ ಇಷ್ಟು ದೂರ ನೋಡಿದ್ದು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. ಇನ್ನೂ ಒಂದು ಮಾತು: ಆ ಹಾಡಿನಲ್ಲಿ ಅವರು ಒಬ್ಬರೇ ಇಲ್ಲ. ಲಂಡನ್ನಿನ ಮೋನಿ ಲವ್ ಎಂಬ ರ್ಯಾಪರ್ ಜೊತೆ ಹಾಡನ್ನು ಹಂಚಿಕೊಂಡಿದ್ದಾರೆ. ಸ್ವಂತ ಹೆಸರು ಗಟ್ಟಿಮಾಡಿಕೊಳ್ಳಬೇಕಾದ ಹೊತ್ತಿನಲ್ಲಿ ಮೈಕನ್ನು ಇನ್ನೊಬ್ಬ ಹೆಣ್ಣುಮಗಳ ಕೈಗೂ ಕೊಟ್ಟರು.

1992ರಲ್ಲಿ ಮನೆಯ ಮೇಲೆ ಸಿಡಿಲು ಬಿತ್ತು. ಅಣ್ಣ ಲ್ಯಾನ್ಸೆಲಾಟ್, ತಂದೆಯ ಹಾಗೆಯೇ ಪೊಲೀಸ್ ಕೆಲಸಕ್ಕೆ ಸೇರಿದ್ದವನು, ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಆ ಬೈಕನ್ನು ಅವನಿಗೆ ಕೊಡಿಸಿದ್ದವಳು ತಂಗಿಯೇ. ಅದರ ಕೀಲಿಕೈಯನ್ನು ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಆ ಕಾಲದ ಅವರ ಟಿವಿ ಧಾರಾವಾಹಿಯ ಕಂತುಗಳಲ್ಲೂ ಆ ಕೀಲಿಕೈ ಕಾಣಿಸುತ್ತದೆ. ಮಾರನೆಯ ವರ್ಷದ 'ಬ್ಲ್ಯಾಕ್ ರೇನ್' ಆಲ್ಬಮ್ ಅಣ್ಣನ ನೆನಪಿಗೇ ಅರ್ಪಿತ. ಅದರಲ್ಲಿರುವ 'ಯು.ಎನ್.ಐ.ಟಿ.ವೈ.' ಹಾಡಿಗೆ 1995ರಲ್ಲಿ ಗ್ರ್ಯಾಮಿ ಬಂತು. ದಾರಿಯಲ್ಲಿ ಹೋಗುವ ಹೆಣ್ಣುಮಕ್ಕಳನ್ನು ಕೆಟ್ಟ ಮಾತಿನಿಂದ ಕರೆಯುವವರನ್ನು, ಮನೆಯೊಳಗೆ ಹೆಂಗಸರ ಮೇಲೆ ಕೈ ಮಾಡುವವರನ್ನು ಅವರು ಆ ಹಾಡಿನಲ್ಲಿ ಎದುರಿಗೇ ನಿಲ್ಲಿಸಿಕೊಂಡು ಕೇಳುತ್ತಾರೆ. ಹಿನ್ನೆಲೆಯಲ್ಲಿ ಸ್ಯಾಕ್ಸೊಫೋನ್ ಮೆಲ್ಲಗೆ ನುಡಿಯುತ್ತಿರುತ್ತದೆ. ಕೋಪ ಇದೆ, ಕಿರುಚಾಟ ಇಲ್ಲ. ರ್ಯಾಪ್ ಹಾಡುಗಳಲ್ಲೇ ಹೆಣ್ಣನ್ನು ಹೀನಾಯವಾಗಿ ಕರೆಯುವುದು ಮಾಮೂಲಾಗಿದ್ದ ದಿನಗಳಲ್ಲಿ, ಅದೇ ಮನೆಯೊಳಗಿನಿಂದ ಬಂದ ತಕರಾರು ಅದು.

ಟಿವಿಯಲ್ಲಿ ದೊಡ್ಡ ಪಾತ್ರ ಸಿಕ್ಕಿದ್ದೂ 'ಬ್ಲ್ಯಾಕ್ ರೇನ್' ಬಂದ ವರ್ಷವೇ. 1993ರಿಂದ 1998ರವರೆಗೆ ಫಾಕ್ಸ್ ವಾಹಿನಿಯ 'ಲಿವಿಂಗ್ ಸಿಂಗಲ್' ಹಾಸ್ಯ ಧಾರಾವಾಹಿಯಲ್ಲಿ ಬ್ರೂಕ್ಲಿನ್ನಿನ ಪತ್ರಿಕೆಯೊಂದರ ಸಂಪಾದಕಿಯಾಗಿ ನಟಿಸಿದರು. ಮುಗಿದ ಮರುವರ್ಷ, 1999ರಲ್ಲಿ, 'ದ ಕ್ವೀನ್ ಲತೀಫಾ ಷೋ' ಎಂಬ ಹಗಲಿನ ಮಾತುಕತೆಯ ಕಾರ್ಯಕ್ರಮದ ನಿರೂಪಕಿಯಾದರು. ರ್ಯಾಪ್ ಹಾಡುವವರಿಗೆ ಇದೇನು ಕೆಲಸ ಎಂದು ಹುಬ್ಬೇರಿಸಿದವರಿದ್ದರು. ನನಗೆ ಹಾಗನಿಸುವುದಿಲ್ಲ. ಬ್ರಾಂಕ್ಸ್‌ನ ಪಾರ್ಟಿಯಲ್ಲಿ ಹೆಸರು ಹಿಡಿದು ಕರೆದವನ ಕೆಲಸವನ್ನೇ ಇವರು ಸ್ಟುಡಿಯೋದಲ್ಲಿ ಮಾಡಿದರು. ಬಂದವರನ್ನು ಕರೆದು ಕೂರಿಸಿ, ಅವರ ಅಳುಕು ಬಿಡಿಸಿ, ಮಾತಾಡಿಸುವುದು. ಬರೀ ತನ್ನ ಮಾತನ್ನೇ ಆಡಿ ರೂಢಿಯಾದವರಿಗೆ ಇದು ಒಗ್ಗುವುದಿಲ್ಲ. ಒಳ್ಳೆಯ ನಿರೂಪಕರು ಅತಿಥಿ ಮಾತಾಡುವಾಗ ಸುಮ್ಮನಿರಬಲ್ಲರು.

ಈ ಕಾರ್ಯಕ್ರಮ 2001ಕ್ಕೆ ನಿಂತಿತು. ಅದೇ ಹೆಸರಿನಲ್ಲಿ 2013ರ ಸೆಪ್ಟೆಂಬರಿನಲ್ಲಿ ಮತ್ತೆ ಶುರುಮಾಡಿದರು. ಈ ಸಲ ನಿರ್ಮಾಪಕರಲ್ಲಿ ವಿಲ್ ಸ್ಮಿತ್ ಕೂಡ ಇದ್ದರು, ಅವರೂ ರ್ಯಾಪ್‌ನಿಂದಲೇ ಟಿವಿಗೆ ಬಂದವರು. ಅದೂ 2015ಕ್ಕೆ ಮುಗಿಯಿತು. ಎರಡು ಸಲವೂ ಎರಡೆರಡು ವರ್ಷದಷ್ಟೇ ಬಾಳಿಕೆ ಎಂಬುದನ್ನು ನಿಮ್ಮಿಂದ ಮುಚ್ಚಿಡಬೇಕಾಗಿಲ್ಲ. ಓಪ್ರಾ ವಿನ್‌ಫ್ರಿ ಇದೇ ಬಗೆಯ ಕಾರ್ಯಕ್ರಮವನ್ನು 1986ರಿಂದ 2011ರವರೆಗೆ ನಡೆಸಿದರು. ಅದರ ಪಕ್ಕದಲ್ಲಿಟ್ಟರೆ ಇದು ಸಣ್ಣದು. ಆದರೆ ನಿಂತುಹೋದದ್ದನ್ನು ಹನ್ನೆರಡು ವರ್ಷದ ಮೇಲೆ ಅದೇ ಹೆಸರಿನಲ್ಲಿ ಮತ್ತೆ ಕಟ್ಟಿ ನಿಲ್ಲಿಸಲು ಗಟ್ಟಿ ಎದೆ ಬೇಕು.

ಆ ನಡುವಿನ ವರ್ಷಗಳಲ್ಲೂ ಆಮೇಲೂ ಮಾಡಿದ್ದು ಕಡಿಮೆಯೇನಲ್ಲ. 'ಚಿಕಾಗೊ' ಸಿನಿಮಾದ ಜೈಲು ಅಧಿಕಾರಿಯ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು. 2004ರಲ್ಲಿ ತಾಯಿ ಕರೆಯುತ್ತಿದ್ದ ಹೆಸರಿನಲ್ಲೇ 'ದ ಡೇನಾ ಓವೆನ್ಸ್ ಆಲ್ಬಮ್' ಹೊರತಂದು ಜಾಝ್ ಹಾಡಿದರು. ನ್ಯೂವಾರ್ಕ್ ದೊಡ್ಡ ಜಾಝ್ ಗಾಯಕಿ ಸಾರಾ ವಾನ್ ಅವರ ಊರು ಕೂಡ. 2005ರ ಗ್ರ್ಯಾಮಿ ಸಮಾರಂಭವನ್ನು ನಿರೂಪಿಸಿದರು. 2014ರ ಗ್ರ್ಯಾಮಿಯಲ್ಲಿ ಒಂದು ಹಾಡಿನ ನಡುವೆಯೇ 33 ಜೋಡಿಗಳಿಗೆ ವೇದಿಕೆಯಿಂದ ಮದುವೆ ಮಾಡಿಸಿದರು. ಗಂಡುಹೆಣ್ಣಿನ ಜೋಡಿಗಳಿದ್ದ ಹಾಗೆಯೇ ಗಂಡುಗಂಡು, ಹೆಣ್ಣುಹೆಣ್ಣಿನ ಜೋಡಿಗಳೂ ಅಲ್ಲಿದ್ದವು. ಕಾನೂನಿನ ಪ್ರಕಾರವೇ ನಡೆದ ಮದುವೆಗಳವು. 2018ರ ಮಾರ್ಚ್‌ನಲ್ಲಿ ರೀಟಾ ಟೀಚರ್ ಹೃದಯದ ಕಾಯಿಲೆಯಿಂದ ತೀರಿಕೊಂಡರು. ವರ್ಷಗಟ್ಟಲೆ ಅವರನ್ನು ನೋಡಿಕೊಂಡ ಮಗಳು, ಆ ಕಾಯಿಲೆಯ ಬಗ್ಗೆ ಜನರಿಗೆ ತಿಳಿಸುವ ಕೆಲಸಕ್ಕೂ ತಾಯಿಯ ಜೊತೆಯಲ್ಲೇ ಇಳಿದಿದ್ದರು. 2023ರ ಕೊನೆಯಲ್ಲಿ ಕೆನಡಿ ಸೆಂಟರ್ ಗೌರವ ಸಿಕ್ಕಾಗ, ಅದನ್ನು ಪಡೆದ ಮೊದಲ ಮಹಿಳಾ ರ್ಯಾಪರ್ ಇವರೇ ಆದರು.

ಇವರನ್ನು ಕೇಳಲು ಎಲ್ಲಿಂದ ಶುರುಮಾಡುವುದು? ಚಿಕ್ಕವರು 'ಲೇಡೀಸ್ ಫಸ್ಟ್' ನೋಡಿ. ಮಿಡ್ಲ್ ಸ್ಕೂಲ್ ದಾಟಿದವರು 'ಯು.ಎನ್.ಐ.ಟಿ.ವೈ.' ಕೇಳಬಹುದು. ಅದರಲ್ಲಿ ಒರಟು ಪದಗಳಿವೆ, ಆದ್ದರಿಂದ ಮನೆಯವರ ಜೊತೆ ಕೂತು ಕೇಳಿ, ಆ ಪದಗಳು ಅಲ್ಲಿ ಏಕಿವೆ ಎಂದು ಮಾತಾಡಿ. ಸಾಧ್ಯವಾದರೆ ಒಂದು ಶನಿವಾರ ನ್ಯೂವಾರ್ಕಿಗೇ ಹೋಗಿಬನ್ನಿ. ಮೊದಲು ವಾಷಿಂಗ್ಟನ್ ಪಾರ್ಕ್ ಎನ್ನುತ್ತಿದ್ದ ಜಾಗಕ್ಕೆ ಈಗ ಹ್ಯಾರಿಯೆಟ್ ಟಬ್‌ಮನ್ ಸ್ಕ್ವೇರ್ ಎಂದು ಹೆಸರು. ಅಲ್ಲಿದ್ದ ಕೊಲಂಬಸ್ ಪ್ರತಿಮೆಯನ್ನು 2020ರಲ್ಲಿ ತೆಗೆದರು. 2023ರ ಮಾರ್ಚ್‌ನಲ್ಲಿ ಟಬ್‌ಮನ್ ಸ್ಮಾರಕ ತೆರೆಯಿತು. ರೂಪಿಸಿದವರು ಜಮೈಕಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ ನೀನಾ ಕುಕ್ ಜಾನ್. ಟಬ್‌ಮನ್ ಅವರ ದೊಡ್ಡ ಮುಖ ನಿಮ್ಮ ಕಣ್ಣಿನ ಮಟ್ಟದಲ್ಲೇ ಇದೆ, ಕೈಯಿಂದ ಮುಟ್ಟಬಹುದು. ಒಳಗಿನ ಗೋಡೆಯ ಟೈಲ್‌ಗಳಲ್ಲಿ ಊರಿನ ಜನರ ಕೈಕೆಲಸವೂ ಇದೆ. ಸ್ಮಾರಕದ ಜೊತೆಗೆ ಕೇಳಲೆಂದು ಮಾಡಿರುವ ಕಥನಕ್ಕೆ ದನಿ ಕೊಟ್ಟವರು ಕ್ವೀನ್ ಲತೀಫಾ. ಬ್ರಾಡ್ ಸ್ಟ್ರೀಟ್ ರೈಲು ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ, ಎದುರಿಗೇ ನ್ಯೂವಾರ್ಕ್ ಕಲಾ ಮ್ಯೂಸಿಯಂ. ಇಯರ್‌ಫೋನ್ ಮರೆಯದೆ ತೆಗೆದುಕೊಂಡು ಹೋಗಿ.